ನಳಿನಿ ನೋಡದ ಲೈಟ್‌ಹೌಸ್

“ಇದು ನೋಡಿ, ಇಡೀ ಟ್ರಿಪ್‌ನಲ್ಲಿ ನನಗೆ ತುಂಬ ಇಷ್ಟ ಆದ ಜಾಗ,” ಎಂದು ಭಾಸ್ಕರ ಕ್ಯಾಮೆರಾದ ಗುಂಡಿ ಒತ್ತಿದ. ಟಿವಿಯಲ್ಲಿ ಕಪ್ಪು ಬಂಡೆಗಳ ತುದಿಗೆ ನಿಂತ ಬಿಳಿಯ ಲೈಟ್‌ಹೌಸ್ ಮೂಡಿತು.

ಹುಳಿಯ ಪಾತ್ರೆ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದ ನಳಿನಿ ಅಲ್ಲೇ ನಿಂತಳು. ಆ ಲೈಟ್‌ಹೌಸನ್ನು ಅವಳು ನೋಡಿರಲಿಲ್ಲ.

ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ಇಬ್ಬರೂ ಫ್ರಾನ್ಸಿಗೆ ಹೋಗಿ ಬಂದಿದ್ದರು. ಪ್ಯಾರಿಸ್ ಬೇಡವೆಂದು ಹಟ ಹಿಡಿದವನು ಭಾಸ್ಕರನೇ. ಬಾಡಿಗೆ ಕಾರಿನಲ್ಲಿ ನಾರ್ಮಂಡಿಯಿಂದ ಬ್ರಿಟನಿಯವರೆಗೆ, ಸಮುದ್ರದ ಅಂಚು ಹಿಡಿದು, ಹಸು ಮೇಯುವ ಹಳ್ಳಿಗಳ ನಡುವೆ, ಮನಸ್ಸು ಬಂದಲ್ಲಿ ಇಳಿಯುತ್ತ ನಿಧಾನವಾಗಿ ಹೋಗುವುದು. ನಿಧಾನವಾಗಿದ್ದದ್ದು ಕಾರು ಮಾತ್ರ. ಮ್ಯಾಪ್ ನಳಿನಿಯ ತೊಡೆಯ ಮೇಲಿತ್ತು; ಎಲ್ಲಿ ತಿರುಗಿದರೂ ತಪ್ಪು ಅವಳದೇ. ಬ್ರಿಟನಿಯ ಯಾವುದೋ ಹಳ್ಳಿಯಲ್ಲಿ, ಒಂದು ಭಾನುವಾರ ಮಧ್ಯಾಹ್ನ, ಅವಳು ಆ ಮ್ಯಾಪನ್ನು ಹಿಂದಿನ ಸೀಟಿಗೆ ಎಸೆದಳು. “ಇಳಿ ಕೆಳಗೆ,” ಎಂದ ಭಾಸ್ಕರ. ಇಳಿದಳು. ಕಾರು ಹೊರಟೇಹೋಯಿತು.

ಒಂದು ಚರ್ಚು, ಬಾಗಿಲು ಹಾಕಿದ ಬೇಕರಿ. ಪರ್ಸು ಕಾರಿನಲ್ಲಿತ್ತು, ಭಾಷೆ ಬಾರದು. ಎದುರು ಮನೆಯ ಮುದುಕಿ ಕಿಟಕಿಯಿಂದ ಅವಳನ್ನು ದಿಟ್ಟಿಸಿ ನೋಡಿ ಪರದೆ ಎಳೆದುಕೊಂಡಳು. ಸಂಜೆಯಾಗುವ ಹೊತ್ತಿಗೆ ಭಾಸ್ಕರ ಬಂದ. ತಕ್ಷಣವೇ ತಿರುಗಿದೆ, ಆದರೆ ದಾರಿ ತಪ್ಪಿತು, ಹಳ್ಳಿಗಳೆಲ್ಲ ಒಂದೇ ಥರ, ಹುಚ್ಚನ ಹಾಗೆ ಹುಡುಕಿದೆ ಎಂದ. ಅವಳು ನಂಬಿದಳು. ಹುಡುಕಿದನಲ್ಲ ಎಂಬ ಒಂದೇ ಆಸರೆಯ ಮೇಲೆ ಉಳಿದ ದಾರಿಯನ್ನೆಲ್ಲ ಅವನ ಪಕ್ಕದಲ್ಲಿ ಕೂತು ಸವೆಸಿದಳು. ಆಸ್ಟಿನ್‌ನಲ್ಲಿ ಓದುತ್ತಿದ್ದ ಮಗ ಸುಮುಖನಿಗೂ ಫೋನಿನಲ್ಲಿ, “ನಿಮ್ಮಪ್ಪನಿಗೆ ದಾರಿ ತಪ್ಪಿತ್ತು ಕಣೋ,” ಎಂದು ನಕ್ಕು ಹೇಳಿದ್ದಳು.

ಈಗ ಟಿವಿಯಲ್ಲಿ ಲೈಟ್‌ಹೌಸಿನ ಬುಡದ ಹೋಟೆಲು ಬಂತು. ಮೇಜಿನ ಮೇಲೆ ಸಕ್ಕರೆ ಉದುರಿಸಿದ ತೆಳ್ಳನೆಯ ದೋಸೆಯಂಥ ತಿಂಡಿ, ಕಾಫಿ. ಆಮೇಲಿನದರಲ್ಲಿ ಭಾಸ್ಕರನೇ ಇದ್ದ. ಯಾರ ಕೈಲೋ ತೆಗೆಸಿಕೊಂಡ ಫೋಟೋ. ಗಾಳಿಗೆ ಕೂದಲು ಹಾರುತ್ತಿತ್ತು, ಮುಖದ ತುಂಬ ನಗು. ಆ ಪ್ರವಾಸದಲ್ಲಿ ಗಂಡ ಹೆಂಡತಿ ಬೇರೆಯಾಗಿದ್ದದ್ದು ಅದೊಂದೇ ಮಧ್ಯಾಹ್ನ.

ಊಟಕ್ಕೆ ಬಂದಿದ್ದವರು ಭಾಸ್ಕರನ ಆಫೀಸಿನ ಚಿದಾನಂದ್, ಮತ್ತು ಧಾರವಾಡದಿಂದ ಅಮೆರಿಕದ ಕೇಟಿ ಊರಿಗೆ, ಮಗನ ಮನೆಗೆ ಬಂದಿದ್ದ ಅವನ ತಾಯಿ ಕಮಲವ್ವ. “ಎಷ್ಟ್ ಚಂದ ನಕ್ಕಾರ ನೋಡ್ರಿ,” ಎಂದರು ಕಮಲವ್ವ. “ನಳಿನಿ, ಆವಾಗ ನೀ ಎಲ್ಲಿದ್ದಿ?”

“ಅವಳಿಗೆ ತಲೆನೋವಿತ್ತಮ್ಮ, ರೂಮಲ್ಲಿ ಮಲಗಿದ್ಲು,” ಎಂದ ಭಾಸ್ಕರ.

ನಳಿನಿ ಪಾತ್ರೆ ಕೆಳಗಿಟ್ಟಳು. “ಇಲ್ಲಮ್ಮ. ನನ್ನ ರೋಡಲ್ಲಿ ಇಳಿಸಿ ಹೋಗಿದ್ರು.”

“ನಳಿನಿ, ಡ್ರಾಮಾ ಬೇಡ. ಮನೇಲಿ ಜನ ಇದಾರೆ.”

“ಹುಚ್ಚನ ಹಾಗೆ ಹುಡುಕ್ದೆ ಅಂದ್ರಲ್ಲ?”

“ಹುಡುಕ್ದೆ.”

“ಆ ದೋಸೆ ತಿಂದ ಮೇಲಾ?”

ಭಾಸ್ಕರ ಕ್ಯಾಮೆರಾವನ್ನು ಸೋಫಾದ ಮೇಲೆ ಒಗೆದ. “ಹೌದು, ತಿಂದೆ. ಕಾಫಿ ಕುಡಿದೆ. ಇಡೀ ಟ್ರಿಪ್‌ನಲ್ಲಿ ನೆಮ್ಮದಿಯಾಗಿದ್ದದ್ದು ಅವತ್ತೊಂದೇ ದಿನ. ಸಾಕಾ?”

ಟಿವಿಯಲ್ಲಿ ಭಾಸ್ಕರ ನಗುತ್ತಲೇ ಇದ್ದ.

“ಅವ್ವಾ, ಹೋಗೂಣು ನಡಿ,” ಎಂದು ಚಿದಾನಂದ್ ಎದ್ದ. ಕಮಲವ್ವ ಅವಸರ ಮಾಡಲಿಲ್ಲ. ತಟ್ಟೆಯಲ್ಲಿದ್ದ ಅನ್ನ ಮುಗಿಸಿ, ಕೈ ತೊಳೆದು ಬಂದು ನಳಿನಿಯ ಮಣಿಕಟ್ಟು ಹಿಡಿದರು. “ನಮ್ಮ ಜೋಡಿ ಬರ್ತಿಯೇನವಾ?”

“ಇಲ್ಲಮ್ಮ. ಇದು ನನ್ನ ಮನೆ.”

ಅವರ ಕಾರು ಹೋದ ಮೇಲೆ ನಳಿನಿ ಊಟದ ಮೇಜು ಒರೆಸಿದಳು. ಕಮಲವ್ವನ ತಟ್ಟೆ, ಚಿದಾನಂದನ ತಟ್ಟೆ, ತನ್ನದು ತೊಳೆದು ಬೋರಲು ಹಾಕಿದಳು. ಒಳಗಿನಿಂದ ಭಾಸ್ಕರ ಎರಡು ಸಲ ಅವಳ ಹೆಸರು ಹಿಡಿದು ಕರೆದ. ಅವಳು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು. ಅವನ ತಟ್ಟೆ ಸೋಫಾದ ಮುಂದೆ ಇದ್ದಲ್ಲೇ ಇತ್ತು. ಕಲಸಿಟ್ಟ ಅನ್ನ ಅಂಚಿನಿಂದ ಒಣಗುತ್ತ ಬಂದಿತ್ತು.