ಹಗೇವಿನ ಗಾಳಿ

ನನ್ನ ಮೈದುನ ನಾಗನಾಥ ಅರಿಷಿಣ ತೆಗೆಯಲೆಂದು ಹರಿಪುರದ ಈ ಹಗೇವಿಗೆ ಇಳಿದವನು ಜೀವಂತ ಮೇಲೆ ಬರಲಿಲ್ಲ. ಅರಿಷಿಣ ತುಂಬಿಡುವ, ನೆಲದೊಳಗಿನ ಕತ್ತಲ ಗುಂಡಿ ಅದು. ತಳದ ಕೆಟ್ಟ ಗಾಳಿಗೆ ಉಸಿರುಗಟ್ಟಿತ್ತು. ಆಗ ನಾನಿನ್ನೂ ಹೊಸ ಸೊಸೆ.

ಈ ಸಲ ಇಳಿಯಲು ನಿಂತವನು ನನ್ನ ಮಗ ಭರಮಣ್ಣ. ಬೆಳಿಗ್ಗೆಯೇ ಹಗೇವಿನ ಬಾಯಿ ತೆರೆದು, ಮೇಲೊಂದು ದೊಡ್ಡ ಫ್ಯಾನು ಹಚ್ಚಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದ. ಅವನ ಮಗಳು ಹರ್ಷದಾ ಲ್ಯಾಪ್‌ಟಾಪ್ ಹಿಡಿದು ಅಡ್ಡ ಬಂದಳು. ಸಾಂಗಲಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿ.

"ಪಪ್ಪಾ, ಥಾಂಬಾ! ಇಳೀಬ್ಯಾಡ್ರಿ! ತಳದಾಗ ಇನ್ನೂ ಕೆಂಪ ಅದ ನೋಡ್ರಿ."

"ಏ ಶಾಣ್ಯಾಕಿ, ನಿನ್ನ ಚಿತ್ರಕ್ಕ ಮೂಗ ಅದ ಏನ? ಫ್ಯಾನ್ ಹಚ್ಚಿ ಎಷ್ಟ ಹೊತ್ತಾತು!"

"ನಿಮ್ಮ ಫ್ಯಾನ್ ಬರೇ ಬಾಯಿ ಮುಕ್ಕಳಿಸಾಕತ್ತದ. ಹೊಟ್ಟಿಗೆ ಮುಟ್ಟೇ ಇಲ್ಲ."

ಹಿಂದಿನ ದಿನವೇ ಅವಳು ನನಗೆ ಇದನ್ನೆಲ್ಲ ತೋರಿಸಿದ್ದಳು. ಕಿರಿದಾದ ಕೊರಳು, ಕೊಡದಂಥ ಹೊಟ್ಟೆ, ಹಗೇವು ಇದ್ದ ಹಾಗೇ ಪರದೆಯ ಮೇಲಿತ್ತು. ಅದನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿನಲ್ಲೂ ಗಾಳಿ ಎತ್ತ ಸರಿಯುತ್ತದೆ ಎಂದು ಕಂಪ್ಯೂಟರು ಲೆಕ್ಕ ಹಾಕುತ್ತದಂತೆ. ಅರಿಷಿಣದ ಕಾವು ಗಾಳಿಯನ್ನು ಮೇಲೆತ್ತುತ್ತದೆ, ಕೆಟ್ಟ ಗಾಳಿ ತನ್ನ ಭಾರಕ್ಕೆ ಕೆಳಗೇ ಕೂರುತ್ತದೆ. ಒಂದನ್ನು ಬಿಟ್ಟು ಇನ್ನೊಂದರ ಲೆಕ್ಕ ಹತ್ತುವುದಿಲ್ಲವಂತೆ. ನನಗೆ ತಿಳಿದದ್ದು, ಕೆಂಪು ಇದ್ದಲ್ಲಿ ಕೆಟ್ಟ ಗಾಳಿ ಇದೆ ಎಂಬುದು ಮಾತ್ರ.

"ಅವ್ವಾ, ನೀನರ ಹೇಳ ಆಕಿಗೆ. ಅರಿಷಿಣ ಒಯ್ಯೂ ಟ್ರಕ್ ಬರೂ ಹೊತ್ತಾತು," ಎಂದ ಭರಮಣ್ಣ.

ನಾನು ಹೋಗಿ ಅವನ ಸೊಂಟದ ಹಗ್ಗ ಬಿಚ್ಚಿದೆ.

ಹರ್ಷದಾ ಕೆಟ್ಟ ಗಾಳಿ ಇದ್ದರೆ ಕೂಗುವ ಮೀಟರನ್ನು ಕಾಲೇಜಿನಿಂದ ಕೇಳಿ ತಂದಿದ್ದಳು. ದಾರ ಕಟ್ಟಿ ಇಳಿಬಿಟ್ಟಳು. ನಡುವಿನ ತನಕ ಸುಮ್ಮನಿದ್ದದ್ದು ತಳ ಮುಟ್ಟಿದ್ದೇ ಒಂದೇ ಸಮನೆ ಚೀರತೊಡಗಿತು. ಭರಮಣ್ಣ ಗುಂಡಿಯ ಅಂಚಿನಿಂದ ಹಿಂದೆ ಸರಿದು ನೆಲದ ಮೇಲೆ ಕುಳಿತುಬಿಟ್ಟ.

ಆಮೇಲೆ ಅವಳು ಹೇಳಿದಂತೆ ಫ್ಯಾನಿಗೆ ಉದ್ದನೆಯ ಪೈಪು ಹಚ್ಚಿ ತಳದವರೆಗೆ ಬಿಟ್ಟರು. ಪೈಪು ಸೇರಿಸಿ ಮತ್ತೆ ಲೆಕ್ಕ ಹಾಕಿದ ಚಿತ್ರದಲ್ಲಿ ಕೆಂಪು ಮೆಲ್ಲಗೆ ಎದ್ದು ಕೊರಳಿನಿಂದ ಹೊರಗೆ ಚೆಲ್ಲಿತು. ಮಧ್ಯಾಹ್ನ ಮತ್ತೆ ಮೀಟರು ಇಳಿಸಿದರು. ತಳದಲ್ಲೂ ಸದ್ದಿಲ್ಲ. ಮಗ ಮತ್ತೆ ಹಗ್ಗ ಕಟ್ಟಿಕೊಂಡು ಇಳಿದ. ಅದರ ತುದಿಯನ್ನು ನಾನು ಯಾರಿಗೂ ಕೊಡಲಿಲ್ಲ.

"ಅವ್ವಾ, ಸಡಲ ಬಿಡ! ಗಾಳಿ ಚೊಲೋ ಅದ, ನೀನ ಉಸರ ಕಟ್ಟಸಾಕತ್ತಿ!" ಕೆಳಗಿನಿಂದ ಬೈದ.

ಮೇಲೆ ಬಂದಾಗ ಹುಬ್ಬಿನವರೆಗೂ ಹಳದಿಯಾಗಿದ್ದ.

"ಪಪ್ಪಾ, ಥೇಟ್ ನವರದೇವ, ಅರಿಷಿಣ ಹಚ್ಚಿದ ಮದಿಮಗ! ಇನ್ನ ಬಾಸಿಂಗ ಒಂದ ಕಟ್ಟೂದ ಬಾಕಿ," ಎಂದಳು ಹರ್ಷದಾ.

ನಾನು ಎಷ್ಟು ಜೋರಾಗಿ ನಕ್ಕೆನೆಂದರೆ, ಏನಾಯಿತೋ ಎಂದು ಪಕ್ಕದ ಮನೆಯ ಮುತ್ತವ್ವ ಓಡಿ ಬಂದಳು.