ಕಡಲಕಟ್ಟೆಯ ಕಂಬಿ

ತನ್ನ ಅಪ್ಪ ಸಮುದ್ರದಲ್ಲಿ ಮುಳುಗಿ ಸತ್ತ ಸಂಗತಿ ಟೈಲರ್ ಅಕ್ಕನಿಗೆ ತಿಳಿದದ್ದು ಒಬ್ಬ ಗೈಡಿನ ಬಾಯಿಂದ. ಅಪ್ಪ ಮನೆಯಲ್ಲೇ, ಮಂಚದ ಮೇಲೆ, ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಗೊಣಗುತ್ತ ಕಣ್ಣು ಮುಚ್ಚಿ ಆಗಲೇ ನಾಲ್ಕೈದು ವರ್ಷವಾಗಿತ್ತು.

ಗೈಡು ತನ್ನ ಹಿಂದೆ ಒಂದು ಹಿಂಡು ಪ್ರವಾಸಿಗರನ್ನು ಕಟ್ಟಿಕೊಂಡು ಬಂದು ಅಂಗಡಿಯ ಎದುರಿಗೇ ನಿಂತಿದ್ದ. ಮಡಿಸಿದ ಕೊಡೆಯಿಂದ ಬೀದಿಯ ತುದಿಯತ್ತ ತೋರಿಸಿ, ಗಂಟಲು ಗದ್ಗದ ಮಾಡಿಕೊಂಡು ಹೇಳುತ್ತಿದ್ದ.

"ಅದೇ ಕಟ್ಟೆ ಮೇಲೆ ಅವಳು ದಿನಾ ಸಂಜೆ ನಿಂತು ಕಾಯ್ತಿದ್ಲು. ಗಂಡ ನಾವಿಕ. ಬರ್ತೀನಿ ಅಂತ ಹೋದೋನು ಬರಲೇ ಇಲ್ಲ. ಇವಳು ಮಾತ್ರ ಸಾಯೋವರೆಗೂ ಕಾದ್ಲು ಅಂತ ಜನ ಹೇಳ್ತಾರೆ."

ಅಕ್ಕನ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆ ಹಾಗೇ ನಿಂತಿತು. "ಯಾವ ಜನ?" ಎಂದಳು ಒಳಗಿನಿಂದಲೇ.

"ಇಲ್ಲಿಯೋರೇ ಅಕ್ಕ. ಹಳೇ ಕಾಲದೋರು."

"ಹಳೇ ಕಾಲದೋಳು ನಾನೇ ಇದೀನಲ್ಲ. ಅವಳು ನಮ್ಮಮ್ಮ. ಗಂಡ ನಾವಿಕ ಅಲ್ಲಪ್ಪ, ಈ ಪಕ್ಕದ ಅಂಗಡೀಲಿ ಗಡಿಯಾರ ರಿಪೇರಿ ಮಾಡ್ತಿದ್ದ. ಬಾವಿ ಬಗ್ಗಿ ನೋಡೋಕೂ ಹೆದರ್ತಿದ್ದ ಮನುಷ್ಯ."

ಪ್ರವಾಸಿಗರು ನಕ್ಕರು. ಗೈಡಿನ ಮುಖ ಸಣ್ಣದಾಯಿತು. "ಕಥೆ ಅಂದ್ಮೇಲೆ ಒಂಚೂರು ಉಪ್ಪು ಖಾರ ಬೇಕಲ್ಲ ಅಕ್ಕ."

"ಉಪ್ಪು ಖಾರ ಎಷ್ಟು ಬೇಕಾದ್ರೂ ಹಾಕು. ನಮ್ಮಪ್ಪನ್ನ ಯಾಕೆ ನೀರಿಗೆ ಹಾಕ್ತೀಯ?"

ಹಿಂಡು ಮುಂದೆ ಹೋಯಿತು. ಕೊನೆಯಲ್ಲಿದ್ದ ಒಬ್ಬ ಹೆಂಗಸು ಮಾತ್ರ ಎರಡು ಹೆಜ್ಜೆ ಹಿಂದೆ ಬಂದು, "ನಾವು ನಕ್ಕಿದ್ದು ನಿಮ್ಮನ್ನ ನೋಡಿ ಅಲ್ಲಮ್ಮ" ಎಂದು ಮೆಲ್ಲಗೆ ಹೇಳಿ ಹೋದಳು. ಅಷ್ಟು ಹೇಳಬೇಕೆಂದು ಆಕೆಗೆ ಯಾರೂ ಕಲಿಸಿರಲಿಲ್ಲ. ಅಕ್ಕ ಮತ್ತೆ ಪೆಡಲು ತುಳಿದಳು. ಹೊಲಿಗೆ ಮಾತ್ರ ಸೊಟ್ಟಗೇ ಹೋಯಿತು.

ಆ ಬೀದಿ ಉದ್ದವೇನಲ್ಲ. ಒಂದು ತುದಿಗೆ ಗಡಿಯಾರದ ಗೋಪುರ, ಇನ್ನೊಂದು ತುದಿಗೆ ಸಮುದ್ರಕ್ಕೆ ಕಟ್ಟಿದ ಕಲ್ಲಿನ ಕಟ್ಟೆ. ನಡುವೆ ಹಳೆಯ ಸುಂಕದ ಕಚೇರಿ, ಐಸ್ ಕಾರ್ಖಾನೆ, ಹಗ್ಗ ಮಾರುವವರ ಉಗ್ರಾಣಗಳು. ಈಗ ಸುಂಕದ ಕಚೇರಿ ಹೋಟೆಲಾಗಿದೆ. ಉಗ್ರಾಣಗಳಲ್ಲಿ ಚಿತ್ರಪಟ ಮಾರುತ್ತಾರೆ. ಪ್ರತಿ ಕಟ್ಟಡಕ್ಕೂ ಹಿತ್ತಾಳೆಯ ಫಲಕ ಬಂದಿದೆ. ಚರಂಡಿ ಮಾತ್ರ ಮೊದಲಿನಂತೆಯೇ ತೆರೆದುಕೊಂಡಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಈ ಬೀದಿಯನ್ನು ನೋಡಿಯೇ ಹುಟ್ಟಿರಬೇಕು ಎಂದು ಅಕ್ಕ ಹೇಳುವುದುಂಟು.

ಕಟ್ಟೆಯ ಬಲಮೂಲೆಯಲ್ಲಿ ದೋಣಿಗಳಿಗೆಂದು ತಳವನ್ನು ಆಳವಾಗಿ ತೋಡಿದ್ದಾರೆ. ಕಲ್ಲಿನ ಮೇಲೆ ವರ್ಷವಿಡೀ ಪಾಚಿ. ಅಕ್ಕ ಇನ್ನೂ ಶಾಲೆಯ ಹುಡುಗಿಯಾಗಿದ್ದಾಗ, ಅವಳ ಸೋದರತ್ತೆಯ ಒಬ್ಬಳೇ ಮಗಳು ಅಲ್ಲಿ ನೀರಿಗೆ ಬಿದ್ದ ಹೊಸ ಚಪ್ಪಲಿಯನ್ನು ಎತ್ತಿಕೊಳ್ಳಲು ಬಗ್ಗಿದವಳು ಮತ್ತೆ ಮೇಲೆ ಬರಲಿಲ್ಲ. ಮಗು ಹೋದ ವಾರಕ್ಕೇ ಅಮ್ಮ ಒಂದು ಹಗ್ಗ, ಒಂದು ಹಳೆಯ ಟಯರಿನ ಟ್ಯೂಬು ಹಿಡಿದು ಹೋಗಿ ಆ ಮೂಲೆಯಲ್ಲಿ ನಿಂತಳು. ಶಾಲೆ ಬಿಟ್ಟಾಗಿನಿಂದ ದೀಪ ಹಚ್ಚುವವರೆಗೆ, ಮಕ್ಕಳು ಅಲ್ಲಿ ಆಡುವಷ್ಟು ಹೊತ್ತೂ, ದಿನವೂ. ಬೆಳಿಗ್ಗೆ ಬಂದರಿನ ಕಚೇರಿಗೆ ಹೋಗಿ, ಕಂಬಿ ಹಾಕಿಸಿ ಎಂದು ಕೇಳುವಳು. "ಸಮುದ್ರಕ್ಕೆ ಬೇಲಿ ಹಾಕಬೇಕೇನಮ್ಮ?" ಎಂದು ಅಲ್ಲಿನ ಎಂಜಿನಿಯರು ನಕ್ಕರೆ, "ಸಮುದ್ರಕ್ಕಲ್ಲ ಸ್ವಾಮಿ, ಮಕ್ಕಳಿಗೆ" ಎಂದು ಹೇಳಿ ಮರುದಿನ ಮತ್ತೆ ಹೋಗುವಳು.

ಹೀಗೆ ಮೂರು ವರ್ಷ. ಕಡಲ ಗಾಳಿಗೆ ಅಮ್ಮನ ಕಿವಿ ಸೋರುತ್ತಿತ್ತು. ಅಪ್ಪ ಅಂಗಡಿಯನ್ನು ಬೇಗ ಮುಚ್ಚಿ, ಅವಳ ಕಿವಿಗೆ ಹತ್ತಿ, ತಲೆಗೆ ಉಣ್ಣೆಯ ಬಟ್ಟೆ ಹಿಡಿದುಕೊಂಡು ಬಂದು ನೀರಿನಿಂದ ಮಾರುದೂರದಲ್ಲಿ ನಿಂತು, "ಇವತ್ತಿಗೆ ಸಾಕು ಬಾರೇ" ಎನ್ನುತ್ತಿದ್ದ. ಅವಳು ಬರುವವರೆಗೂ ತಾನೂ ಹೋಗುತ್ತಿರಲಿಲ್ಲ. ಕಡೆಗೊಂದು ದಿನ ಕಬ್ಬಿಣದ ಕಂಬಿ ಬಂತು. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಳು, ಗಟ್ಟಿಯಾಗಿತ್ತು. ಮನೆಗೆ ಬಂದಳು. ಅಂದಿನಿಂದ ಸಾಯುವವರೆಗೆ ಆ ಕಡೆ ತಲೆ ಹಾಕಲಿಲ್ಲ. ಸಮುದ್ರವೆಂದರೆ ಅವಳಿಗೆ ಆಗುತ್ತಲೇ ಇರಲಿಲ್ಲ.

ಇಂಥವಳನ್ನು ವಿರಹಿಣಿ ಮಾಡಿದ್ದರು.

ಗೈಡು ಬಂದುಹೋದ ಮೂರನೆಯ ದಿನ ಬೀದಿಯನ್ನು ಅಂದಗೊಳಿಸುವ ಸಮಿತಿಯ ಅಧ್ಯಕ್ಷರು ಅಂಗಡಿಗೆ ಬಂದರು. ಹೋಟೆಲಿನ ಮಾಲೀಕರು ಅವರೇ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವವರು.

"ಕಟ್ಟೆಯ ಬಲಮೂಲೇಲಿ ನಿಮ್ಮ ತಾಯಿಯ ವಿಗ್ರಹ ಇಡ್ತಿದೀವಮ್ಮ. 'ಕಾಯುವ ಹೆಂಗಸು' ಅಂತ. ಭಾನುವಾರ ದೊಡ್ಡ ಅಧಿಕಾರಿ ಬರ್ತಾರೆ. ಪರದೆ ಸರಿಸೋದು ನಿಮ್ಮ ಕೈಯಿಂದಲೇ ಆಗಬೇಕು."

"ಕಾದಿದ್ದು ನಿಜ ಸಾರ್. ಗಂಡನಿಗೆ ಕಾದಿದ್ದಲ್ಲ, ಮಕ್ಕಳನ್ನ ಕಾದಿದ್ದು. ಅದನ್ನ ಬರೆಸಿ."

"ಅದೆಲ್ಲ ಫಲಕದಲ್ಲಿ ಹಿಡಿಸಲ್ಲಮ್ಮ. ಹೊರಗಿನಿಂದ ಬಂದ ಜನಕ್ಕೆ ಪ್ರೀತಿ, ಪ್ರೇಮ ಬೇಗ ಅರ್ಥ ಆಗತ್ತೆ."

"ಹಾಗಾದ್ರೆ ಬೇರೆ ಯಾರ್ದಾದ್ರೂ ಅಮ್ಮನ್ನ ಹುಡುಕಿ" ಎಂದು ಅಕ್ಕ ದಾರ ಕಚ್ಚಿದಳು.

ಅಧ್ಯಕ್ಷರು ಹೋದ ಮೇಲೆ ಅಂಗಡಿಯ ಹಿಂದಿನ ಕೋಣೆಯಿಂದ ಅತ್ತೆ ಕೂಗಿದಳು. ಮಗಳನ್ನು ಕಳೆದುಕೊಂಡ ಅದೇ ಅತ್ತೆ. ಗಂಡ ಹೋದ ಮೇಲೆ ಈ ಮನೆಗೇ ಬಂದಿದ್ದಳು. ಈಗ ಎಂಬತ್ತು ದಾಟಿ, ಕಾಲಿನ ಬಲ ಹೋಗಿ, ಕಿಟಕಿಯ ಪಕ್ಕದ ಮಂಚವೇ ಅವಳ ಊರಾಗಿತ್ತು. ಬಾಯಿಯ ಬಲ ಮಾತ್ರ ಎಲ್ಲೂ ಹೋಗಿರಲಿಲ್ಲ.

"ಯಾಕೆ ಬೇಡ ಅಂದೆ?"

"ಅಪ್ಪನ್ನ ಮುಳುಗಿಸಿದಾರೆ ಅತ್ತೆ."

"ಹೇಗೂ ಸತ್ತಿದಾನಲ್ಲೇ. ಮಂಚದ ಮೇಲೆ ಸತ್ರೇನು, ನೀರಲ್ಲಿ ಸತ್ರೇನು. ನಮ್ಮಣ್ಣ ನಾವಿಕ ಅಂದ್ರೆ ನನಗೂ ಒಂಚೂರು ಗತ್ತು."

"ತಮಾಷೆ ಅಲ್ಲ ಇದು."

ಅತ್ತೆ ಸ್ವಲ್ಪ ಹೊತ್ತು ಹೊದಿಕೆಯ ಅಂಚನ್ನು ಮಡಿಸಿ ಬಿಡಿಸಿದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಆ ಮೂಲೇಲಿ ಯಾರಾದ್ರೂ ಒಬ್ರು ನಿಂತಿರಲಿ ಕಣೆ. ಸುಳ್ಳು ಕಥೆ ಹೇಳ್ಕೊಂಡೇ ನಿಂತಿರಲಿ" ಎಂದಳು.

ಆ ಮಗುವಿನ ಮಾತನ್ನು ಅತ್ತೆ ಎಂದೂ ಎತ್ತಿದವಳಲ್ಲ. ಈಗಲೂ ಎತ್ತಲಿಲ್ಲ. ಅಕ್ಕನಿಗೆ ಅಷ್ಟು ಸಾಕಾಯಿತು. ಬರುತ್ತೇನೆಂದು ಹೋಟೆಲಿಗೆ ಹೇಳಿ ಕಳಿಸಿದಳು.

ಶನಿವಾರ ಮಧ್ಯಾಹ್ನ, ನೋಡಿಯಾದರೂ ಬರೋಣವೆಂದು ಕಟ್ಟೆಗೆ ಹೋದಳು. ವಿಗ್ರಹಕ್ಕೆ ಇನ್ನೂ ಪರದೆ ಹಾಕಿರಲಿಲ್ಲ. ಸಣ್ಣ ಸೊಂಟ, ಗಾಳಿಗೆ ಹಾರುವ ಕೂದಲು, ಹಣೆಯ ಮೇಲೆ ಅಡ್ಡ ಹಿಡಿದ ಕೈ. ಅಮ್ಮ ಗಿಡ್ಡ, ದಪ್ಪ. ಉಣ್ಣೆಯ ಬಟ್ಟೆ ಬಿಗಿದ ತಲೆಯಿಂದ ಒಂದು ಕೂದಲೂ ಹೊರಗೆ ಬಂದದ್ದಿಲ್ಲ. ಇದಕ್ಕೂ ಅಕ್ಕ ನಕ್ಕು ಸುಮ್ಮನಾಗುತ್ತಿದ್ದಳೋ ಏನೋ. ಅಷ್ಟರಲ್ಲಿ ವಿಗ್ರಹದ ಹಿಂದೆ ಕಿಡಿ ಹಾರಿತು.

ಕಂಬಿಯನ್ನು ಕತ್ತರಿಸುತ್ತಿದ್ದರು. ಬಲಮೂಲೆಯದು ಅರ್ಧಕ್ಕರ್ಧ ಆಗಲೇ ಕೆಳಗೆ ಬಿದ್ದಿತ್ತು. ಕತ್ತರಿಸುವವನು ಅವಳನ್ನು ಕಂಡು ಯಂತ್ರ ನಿಲ್ಲಿಸಿ, ಕಿಡಿ ತಾಗೀತೆಂದು ಅವಳನ್ನು ಈಚೆ ಕರೆದ.

"ಯಾಕಪ್ಪ ತೆಗೀತಿದೀರಿ?"

"ಫೋಟೋದಲ್ಲಿ ವಿಗ್ರಹಕ್ಕೆ ಅಡ್ಡ ಬರತ್ತಂತೆ ಅಮ್ಮ. ಹಿಂದೆ ಬರೀ ಸಮುದ್ರ ಕಾಣಬೇಕಂತೆ. ನಾನೂ ಹೇಳ್ದೆ, ಜಾರತ್ತೆ ಸಾರ್ ಅಂತ. ಕೇಳಬೇಕಲ್ಲ."

ಅಕ್ಕ ಹೋಟೆಲಿನ ಬಾಗಿಲಲ್ಲಿ ಹೂಕುಂಡ ಇಡಿಸುತ್ತಿದ್ದ ಅಧ್ಯಕ್ಷರ ಹತ್ತಿರ ಬಿರಬಿರನೆ ಹೋದಳು.

"ಆ ಕಂಬಿಗೋಸ್ಕರ ಮೂರು ವರ್ಷ ನಿಂತೋಳು ನಮ್ಮಮ್ಮ. ಅವಳ ಗೊಂಬೆ ಇಡೋಕೆ ಅವಳ ಕಂಬಿ ಕೀಳ್ತೀರಾ?"

"ಹಳೇ ತುಕ್ಕು ಕಬ್ಬಿಣ ಅಮ್ಮ. ಆಮೇಲೆ ಗಾಜಿಂದು ಹಾಕ್ಸೋಣ."

"ಆಮೇಲೆ ಅಂದ್ರೆ ಯಾವಾಗ? ಇನ್ನೊಂದು ಮಗು ಹೋದ ಮೇಲಾ?"

"ಶುಭ ಕಾರ್ಯದ ಹಿಂದಿನ ದಿನ ಯಾಕೆ ಅಂಥ ಮಾತು? ನೀವು ಬರದಿದ್ರೂ ಬೇರೆಯವರು ಪರದೆ ಸರಿಸ್ತಾರೆ" ಎಂದು ಅವರು ನಗುತ್ತಲೇ ಹೂಕುಂಡವನ್ನು ಎರಡು ಬೆರಳು ಆಚೆ ಸರಿಸಿದರು.

ಮನೆಗೆ ಬಂದಾಗ ಕತ್ತರಿಸುವ ಸದ್ದು ಗಾಳಿಯಲ್ಲಿ ತೇಲಿ ಬರುತ್ತಿತ್ತು. ಅತ್ತೆ ಕೇಳಿದಳು. "ಏನದು?"

"ಯಾರೋ ಗೇಟು ಮಾಡಿಸ್ತಿದಾರೆ."

"ಸಮುದ್ರಕ್ಕಾ ಗೇಟು?"

ಅಕ್ಕ ನೀರಿನ ಲೋಟ ತೊಳೆದಳು; ತೊಳೆದದ್ದನ್ನೇ ಮತ್ತೆ ತೊಳೆದಳು.

"ಕಂಬೀನ ಪೂರ್ತಿ ತೆಗೆದ್ರೇನೇ?" ಎಂದಳು ಅತ್ತೆ.

"ಹೂಂ ಅತ್ತೆ. ಮೂಲೇದು ಪೂರ್ತಿ."

ಆ ಸಂಜೆ ಅತ್ತೆ ಊಟ ಮಾಡಲಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕ ಕಣ್ಣು ಬಿಟ್ಟಾಗ ಆಕೆ ಗೋಡೆಗೆ ಒರಗಿ, ತಲೆ ಬಾಚಿಕೊಂಡು ಕೂತಿದ್ದಳು.

"ಈ ಮಂಚ ಗಟ್ಟಿ ಇದೆ ಅಲ್ವಾ?"

"ಅಪ್ಪ ಮಾಡ್ಸಿದ್ದು. ಇನ್ನೂ ನೂರು ವರ್ಷ ಬರತ್ತೆ. ಯಾಕೆ?"

"ಹೋಗು. ಐಸಣ್ಣನಿಗೆ ಗಾಡಿ ತರೋಕೆ ಹೇಳು."

ಐಸಣ್ಣ ಎಂದರೆ ಎದುರು ಮನೆಯವನು. ಮೀನಿನ ದೋಣಿಗಳಿಗೆ ಐಸಿನ ಗಟ್ಟಿ ಹಾಕುವ ಕೈಗಾಡಿಯವನು, ನಾಲಿಗೆಗೆ ಮೂಳೆಯಿಲ್ಲದವನು. ಬಂದವನೇ, "ಏನತ್ತೆ, ಮಂಚದ ಸಮೇತ ಹೊರಟ್ರಿ? ಮೊದ್ಲೇ ಹೇಳಿದ್ರೆ ಎರಡು ಗಟ್ಟಿ ಐಸೂ ತರ್ತಿದ್ದೆ" ಎಂದ.

"ನಿನ್ನ ಐಸು ನನಗಿಂತ ಮುಂಚೆ ಕರಗತ್ತೆ. ಎತ್ತು" ಎಂದಳು ಅತ್ತೆ.

ಎಲ್ಲಿಗೆ ಎಂದು ತಿಳಿದ ಮೇಲೆ ಅವನು ಮತ್ತೆ ತಮಾಷೆ ಮಾಡಲಿಲ್ಲ. ಮಂಚವನ್ನು ಒಯ್ದು ಬಲಮೂಲೆಯಲ್ಲಿ, ಕತ್ತರಿಸಿದ ಕಂಬಿಯ ಬುಡಗಳಿಗೆ ಒತ್ತಿ ಅಡ್ಡ ಇಟ್ಟ. ಕಾಲುಗಳನ್ನು ಆ ಬುಡಗಳಿಗೇ ಹಗ್ಗದಿಂದ ಬಿಗಿದ. ಆಮೇಲೆ ಅತ್ತೆಯನ್ನು ಮಗುವಿನಂತೆ ಎತ್ತಿ ತಂದು, ಬೀದಿಯ ಕಡೆ ಮುಖ ಮಾಡಿ ಕೂರಿಸಿದ. ಮಂಚ ಆ ತೆರವಿಗೆಲ್ಲ ಸಾಲಲಿಲ್ಲ. ಅಕ್ಕ ಬಟ್ಟೆ ಕತ್ತರಿಸುವ ಮೇಜನ್ನು ತರಿಸಿದಳು. ಅವಳನ್ನು ಕೇಳದೆಯೇ ಐಸಣ್ಣ ತನ್ನ ಖಾಲಿ ಪೆಟ್ಟಿಗೆಗಳನ್ನು ಜೋಡಿಸಿದ. ಬೀದಿಯಲ್ಲಿ ಉಳಿದಿದ್ದ ಒಂದೇ ಹಗ್ಗದಂಗಡಿಯವರು ಎರಡು ಬೆಂಚು ಹೊತ್ತು ತಂದಿಟ್ಟು ಹೋದರು.

ಅಧ್ಯಕ್ಷರು ಹೊಸ ಕೋಟಿನಲ್ಲಿ ಓಡಿಬಂದರು. "ಏನಿದು, ಗುಜರಿ ಅಂಗಡಿನಾ? ಇನ್ನೇನು ಅಧಿಕಾರಿ ಬಂದ್ರು. ಅಮ್ಮ, ಏಳಿ."

"ಏಳೋಕೆ ಕಾಲಿಲ್ಲಪ್ಪ. ನೀನೇ ಎತ್ತು" ಎಂದಳು ಅತ್ತೆ.

ಅವರು ಬಗ್ಗಿದರು. ಬಗ್ಗಿದಾಗ ಅವರ ಹೊಳೆಯುವ ಬೂಟು ಪಾಚಿಯ ಮೇಲೆ ಸರ್ರೆಂದಿತು. ಕೈ ಮಂಚದ ಕಾಲನ್ನು ಗಬಕ್ಕನೆ ಹಿಡಿದುಕೊಂಡಿತು. ಐಸಣ್ಣ ಅವರ ತೋಳು ಹಿಡಿದು ನೇರ ನಿಲ್ಲಿಸಿ, "ಮೆಲ್ಲಗೆ ಸಾರ್" ಎಂದ.

ಅಷ್ಟರಲ್ಲಿ ಕಾರು ಬಂತು. ಅಧಿಕಾರಿ ನಡುವಯಸ್ಸಿನ ಹೆಂಗಸು. ಹಾರ ಹಿಡಿದವರನ್ನು ದಾಟಿ, ಎಲ್ಲರಿಗಿಂತ ಮುದುಕಿಯಾದ ಅತ್ತೆಯ ಹತ್ತಿರ ಬಂದು, "ಬಿಸಿಲಲ್ಲಿ ಕೂತಿದೀರಲ್ಲ ಅಜ್ಜಿ" ಎಂದು ಮಂಚದ ತುದಿಯಲ್ಲಿ ತಾವೂ ಕೂತರು. ಕೂತವರು ಹಿಂದೆ ತಿರುಗಿ ಕೆಳಗೆ ನೋಡಿದರು. ಕಪ್ಪು ನೀರು ಕಲ್ಲಿಗೆ ಬಡಿಯುತ್ತಿತ್ತು. ಅವರ ಕೈ ತಾನಾಗಿಯೇ ಅತ್ತೆಯ ಮೊಣಕೈಯನ್ನು ಹಿಡಿಯಿತು.

"ಇಲ್ಲಿ ಕಂಬಿ ಇರಲಿಲ್ವಾ?"

ಅಧ್ಯಕ್ಷರು ಅಕ್ಕನನ್ನು ನೋಡಿದರು. ಅಕ್ಕನಿಗೆ ಹೇಳಲು ರಾಶಿ ಮಾತಿತ್ತು. ಬೆಳಗಿನಿಂದ ಬಾಯಲ್ಲೇ ಜೋಡಿಸಿಟ್ಟುಕೊಂಡಿದ್ದಳು. ಆದರೆ ಅತ್ತೆ ಬಾಯಿ ತೆರೆದದ್ದನ್ನು ಕಂಡು ಸುಮ್ಮನಾದಳು.

"ಇತ್ತು ತಾಯಿ. ನಿನ್ನೆವರೆಗೂ ಇತ್ತು. ನನ್ನ ಮಗಳು ಹೋದ ಮೇಲೆ ನಮ್ಮತ್ತಿಗೆ ಹಾಕ್ಸಿದ್ದು. ಆರು ವರ್ಷ ನನ್ನ ಮಗಳಿಗೆ." ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವಳು ಮಗಳ ವಯಸ್ಸನ್ನು ಬಾಯಿಬಿಟ್ಟು ಹೇಳಿದ್ದಳು. "ಈಗ ಫೋಟೋಗೆ ಅಡ್ಡ ಬರತ್ತೆ ಅಂತ ತೆಗೆಸಿದಾರೆ."

ಗೈಡು ಗುಂಪಿನ ಹಿಂದೆ ನಿಂತು ಕೊಡೆಯ ತುದಿಯಿಂದ ನೆಲ ಕೆರೆಯುತ್ತಿದ್ದ.

ಅಧಿಕಾರಿ ಎದ್ದು, ಅಧ್ಯಕ್ಷರನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ಅಧ್ಯಕ್ಷರ ಬೆಣ್ಣೆಯ ಮಾತು ತುಂಡು ತುಂಡಾಗಿ ಕೇಳಿಸಿತು. ಗಾಜು, ಅಂದಾಜು, ಮುಂದಿನ ತಿಂಗಳು.

"ಮುಂದಿನ ತಿಂಗಳಲ್ಲ. ಕತ್ತರಿಸಿದವರನ್ನ ಕರೆಸಿ" ಎಂದರು ಅಧಿಕಾರಿ ಎಲ್ಲರಿಗೂ ಕೇಳುವಂತೆ. "ಅದು ಆಗೋವರೆಗೆ ಪರದೆ ಹಾಗೇ ಇರಲಿ." ಹೋಗುವಾಗ ತಮ್ಮ ನೀರಿನ ಬಾಟಲಿಯನ್ನು ಅತ್ತೆಯ ಪಕ್ಕದಲ್ಲಿಟ್ಟರು.

ಕುರ್ಚಿ, ಹಾರ, ಮೈಕು ಎಲ್ಲ ಹಿಂದಕ್ಕೆ ಹೋದವು. ಅಧ್ಯಕ್ಷರು ಬಂದು, ಈಗ ನಗದೆ, "ಹೇಳಿ ಕಳಿಸಿದೀನಿ. ಸಂಜೆಯೊಳಗೆ ಬರ್ತಾನೆ. ಇನ್ನಾದ್ರೂ ಮನೆಗೆ ಹೋಗಿ ಅಮ್ಮ" ಎಂದರು.

"ಬರಲಿ. ಬಂದು ಹಾಕಲಿ. ಆಮೇಲೆ ನಾನು ಅಲ್ಲಾಡಿಸಿ ನೋಡ್ಬೇಕು" ಎಂದಳು ಅತ್ತೆ.

ಅಕ್ಕ ಅಂಗಡಿಗೆ ಹೋಗಿ ಹೊಲಿಯಬೇಕಿದ್ದ ಬಟ್ಟೆಯ ಗಂಟನ್ನು ತಂದು, ಅತ್ತೆಯ ಪಕ್ಕದಲ್ಲಿ ಕೂತು ಗುಂಡಿ ಹಾಕತೊಡಗಿದಳು.