ನಾಲ್ಕು ಹನಿ ಕ್ಷಾರ

ಕರೆಂಟು ಹೋಗಿ ಅಕ್ಕನ ಸೆಮಿನಾರ್ ನಿಂತುಹೋಗಲಿ ಎಂದು ಅವಳು ಬೆಳಗಿನಿಂದ ಬೇಡಿಕೊಳ್ಳುತ್ತಿದ್ದಳು. ಹಾಗೆ ಬೇಡಿಕೊಳ್ಳುವುದಕ್ಕೂ ನಾಚಿಕೆಯಾಗುತ್ತಿತ್ತು.

ಅಕ್ಕ ಎಂದರೆ ಪ್ರಯೋಗಾಲಯದ ಹಿರಿಯ ಸಂಶೋಧಕಿ; ಅವಳು ಅಕ್ಕನ ಕೈಕೆಳಗಿನ ಕಿರಿಯಳು. ಮಲೇರಿಯಾ ಪರೋಪಜೀವಿ ವೇಷ ಬದಲಿಸಿ ನಮ್ಮ ಮೈಯ ಕಾವಲಿನಿಂದ ತಪ್ಪಿಸಿಕೊಳ್ಳುತ್ತದಲ್ಲ, ಆ ವೇಷದ ಜೀನುಗಳ ಬಳಿ ಡಿಎನ್‌ಎ ಎಳೆ ಕೆಲವೆಡೆ ತನ್ನ ಮೇಲೆ ತಾನೇ ಮಡಚಿಕೊಂಡು ನಾಲ್ಕೆಳೆಯ ಗಂಟಾಗುತ್ತದೆ. ಪೊಟ್ಯಾಸಿಯಂ ಇದ್ದರೆ ಗಂಟು ಗಟ್ಟಿ. ಬರೀ ಲಿಥಿಯಂ ಇದ್ದರೆ ಎಳೆ ಬಿಚ್ಚಿಕೊಂಡೇ ಇರಬೇಕು. ಆದರೆ ಇವಳು ಮಾಡಿಕೊಟ್ಟ ಲಿಥಿಯಂ ದ್ರಾವಣದಲ್ಲೂ, ಗಂಟು ಬಿದ್ದಿದೆ ಎನ್ನುವಂತೆ, ಗ್ರಾಫು ನೆಟ್ಟಗೆ ಮೇಲೆದ್ದಿತ್ತು. "ಲೇ ಮೌನಗೌರಿ, ಏನು ಕೈಗುಣನೇ ನಿಂದು! ಯಾರೂ ನೋಡಿಲ್ಲ ಇಂಥ ಗಂಟನ್ನ!" ಎಂದು ಅಕ್ಕ ಅವಳ ಕೆನ್ನೆ ಹಿಂಡಿದ್ದಳು.

ದ್ರಾವಣದ ಹುಳಿ ತಗ್ಗಿಸಲು ಲಿಥಿಯಂನದೇ ಕ್ಷಾರ ಹಾಕಬೇಕಿತ್ತು. ಅದಿದ್ದದ್ದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಕೋಣೆಯ ಬೀರುವಿನಲ್ಲಿ. ಅವಳು ಬಾಗಿಲ ತನಕ ಹೋಗಿದ್ದಳು. ಒಳಗೆ ಮೇಡಂ ಫೋನಿನಲ್ಲಿ ಯಾರನ್ನೋ ಗದರುತ್ತಿದ್ದರು. ಬೀಗದ ಕೈ ಕೇಳಲು ಬಾಯಿ ಬರಲಿಲ್ಲ. ಮೇಜಿನ ಮೇಲೆ ಪೊಟ್ಯಾಸಿಯಂ ಕ್ಷಾರದ ಸೀಸೆ ಇತ್ತು. ನಾಲ್ಕು ಹನಿ ತಾನೇ, ಎಂದುಕೊಂಡಳು. ಗಂಟಾಗಲು ಎಳೆಗೆ ಅಷ್ಟೇ ಸಾಕಾಗಿತ್ತು. ಗ್ರಾಫು ನೋಡಿದ ಕ್ಷಣವೇ ಅವಳಿಗದು ಹೊಳೆದಿತ್ತು. ಆದರೆ ಅಕ್ಕ ಕುಣಿಯುತ್ತಿದ್ದಳು. ಹೊಗಳಿಕೆ ಹಿತವಾಗಿಯೂ ಇತ್ತು. ನಾಳೆ ಹೇಳಿದರಾಯಿತು ಎಂದು ದಿನ ತಳ್ಳಿದಳು.

ಸಭಾಂಗಣದ ಬಾಗಿಲಲ್ಲಿ ಅಕ್ಕ ಸೆರಗು ಸರಿಪಡಿಸಿಕೊಳ್ಳುತ್ತ, "ನಿನ್ನ ಹೆಸರೂ ಹಾಕಿದೀನಿ ಕಣೇ. ಇದೊಂದು ದಾಟಿದ್ರೆ ನನ್ನ ಥೀಸಿಸ್ ಮುಗೀತು. ಅಮ್ಮ 'ಇನ್ನೂ ಎಷ್ಟು ಓದ್ತೀಯೇ' ಅನ್ನೋದೂ ನಿಲ್ಲತ್ತೆ," ಎಂದು ನಕ್ಕಳು.

"ಅಕ್ಕಾ..."

"ಏನೇ?"

"ಸೀರೆ ಚೆನ್ನಾಗಿದೆ."

ಕರೆಂಟು ಹೋಗಲಿಲ್ಲ. ಗ್ರಾಫು ಪರದೆಯ ಮೇಲೆ ಬಂದಾಗ ಮುಂದಿನ ಸಾಲಿನ ಹಿರಿಯ ಪ್ರೊಫೆಸರು ಕನ್ನಡಕ ಹಣೆಗೇರಿಸಿದರು. "ಪೊಟ್ಯಾಸಿಯಂ ಇಲ್ದೇನೇ ಮಡಚ್ಕೊಳ್ಳತ್ತೇನಮ್ಮಾ? ಹಾಗಾದ್ರೆ ಇಷ್ಟು ವರ್ಷ ನಾನು ಮಾಡಿದ ಪಾಠ ಎಲ್ಲ ಬುರುಡೆ ಅನ್ನು!"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. "ಒಂದು ಚೂರೂ ಇಲ್ಲ ಸರ್. ದ್ರಾವಣ ಮಾಡಿದ್ದು ಅಲ್ಲಿ ಕೂತಿದಾಳಲ್ಲ, ಅವಳು. ನನ್ನ ಕೈ ತಪ್ಪಬಹುದು, ಅವಳದು ತಪ್ಪೋದಿಲ್ಲ."

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಅವಳ ಕಿವಿ ಸುಡುತ್ತಿತ್ತು. ಸುಮ್ಮನೆ ತಲೆಯಾಡಿಸಿದರೆ ಮುಗಿಯುತ್ತಿತ್ತು. ಎದ್ದು ನಿಂತಳು. ಅಕ್ಕನ ಕೈಯ ಲೇಸರ್ ಕಡ್ಡಿಯ ಕೆಂಪು ಚುಕ್ಕೆ ಗ್ರಾಫಿನ ತುದಿಯಲ್ಲಿ ಅಲುಗದೆ ಕಾಯುತ್ತಿತ್ತು.

"ಇದೆ ಅಕ್ಕಾ," ಎಂದಳು. "ಅದರಲ್ಲಿ ಪೊಟ್ಯಾಸಿಯಂ ಇದೆ. ನಾನೇ ಹಾಕಿದ್ದು."